ಯಾರೂ ವಿಮರ್ಶೆ ಬರೆಯದ ಪುಸ್ತಕ

ವಾರಪತ್ರಿಕೆಗಳ ಪುಸ್ತಕ ಪರಿಚಯದ ಪುಟವನ್ನು ನಾನು ತಪ್ಪದೆ ಓದುವವಳು. ಕಾದಂಬರಿ, ಕವನ ಸಂಕಲನ, ಪ್ರವಾಸ ಕಥನ, ಕೊನೆಗೆ ಅಡುಗೆ ಪುಸ್ತಕದ ಬಗ್ಗೆ ಕೂಡ ಅಲ್ಲಿ ನಾಲ್ಕು ಮಾತು ಬರುತ್ತದೆ. ಆದರೆ ನಮ್ಮೆಲ್ಲರ ಮನೆಗೂ ಒಂದಲ್ಲ ಒಂದು ಕಾಲದಲ್ಲಿ ಬಂದುಹೋದ ಒಂದು ಪುಸ್ತಕದ ಬಗ್ಗೆ ಮಾತ್ರ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಅದು ಮಗ್ಗಿ ಪುಸ್ತಕ. ಅದಕ್ಕೆ ಲೇಖಕರ ಹೆಸರಿಲ್ಲ, ಮುನ್ನುಡಿಯಿಲ್ಲ, ಬಿಡುಗಡೆ ಸಮಾರಂಭವಂತೂ ಇಲ್ಲವೇ ಇಲ್ಲ. ಪೆನ್ಸಿಲ್, ರಬ್ಬರ್‌ಗಳ ಜೊತೆ ಅಂಗಡಿಯ ಗಾಜಿನ ಡಬ್ಬಿಯ ಪಕ್ಕದಲ್ಲಿ ಬಿದ್ದಿರುತ್ತದೆ. ಇಂಥ ಪುಸ್ತಕಕ್ಕೂ ಗುಣದೋಷಗಳಿರುತ್ತವೆ, ಅವನ್ನು ಯಾರಾದರೂ ಹೇಳಬೇಕು ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿತ್ತು. ಯಾರೂ ಬರೆಯದಿದ್ದಾಗ ನಾನೇ ಕುಳಿತೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಗಣಿತ ಓದಿದವಳಲ್ಲ. ಇತಿಹಾಸ, ಅರ್ಥಶಾಸ್ತ್ರ ತೆಗೆದುಕೊಂಡು ಬಿ.ಎ. ಮಾಡಿ, ಬಿ.ಎಡ್. ಮುಗಿಸಿ, ಪೀಣ್ಯದ ಹತ್ತಿರದ ಒಂದು ಅನುದಾನಿತ ಶಾಲೆಗೆ ಸೇರಿದವಳು. ಸೇರಿದ ಎರಡನೆಯ ವರ್ಷವೇ ಗಣಿತದ ಮೇಷ್ಟ್ರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. "ಐದರಿಂದ ಏಳರವರೆಗೆ ನೀವೇ ನೋಡಿಕೊಳ್ಳಿ ಮೇಡಂ, ಸದ್ಯಕ್ಕೆ" ಎಂದರು ಹೆಡ್ ಮಾಸ್ಟರು. ಆ 'ಸದ್ಯಕ್ಕೆ' ಇಪ್ಪತ್ತು ವರ್ಷ ದಾಟಿತು. ಆದ್ದರಿಂದ ಈ ವಿಮರ್ಶೆಯನ್ನು ಪಂಡಿತರ ಮಾತೆಂದು ತಿಳಿಯಬೇಡಿ. ದಿನವೂ ಅದೇ ಒಲೆಯ ಮುಂದೆ ನಿಂತವಳ ಮಾತೆಂದು ತಿಳಿಯಿರಿ.

ನನ್ನ ಮುಂದೆ ಈಗ ಎರಡು ಮಗ್ಗಿ ಪುಸ್ತಕಗಳಿವೆ. ಒಂದು ನಮ್ಮ ತಂದೆಯದು, ತುಮಕೂರಿನ ಕಡೆಯ ಹಳ್ಳಿಯ ಶಾಲೆಯಲ್ಲಿ ಅವರು ಓದುವಾಗ ಕೊಂಡದ್ದು. ಹೊದಿಕೆ ಹರಿದುಹೋಗಿದೆ. ಇನ್ನೊಂದು ಮೊನ್ನೆ ದಾಸರಹಳ್ಳಿಯ ಅಂಗಡಿಯಲ್ಲಿ ಕೊಂಡದ್ದು. ಹೊದಿಕೆಯ ಮೇಲೆ ಬಣ್ಣದ ಚಿತ್ರ, ಒಳಗೆ ಎರಡರಿಂದ ಇಪ್ಪತ್ತರವರೆಗಿನ ಮಗ್ಗಿ, ಹಿಂದೆ ವಾರ ಮಾಸಗಳ ಹೆಸರು. ಹೊಸದು ನೋಡಲು ಚೆಂದ. ಆದರೆ ಹಳೆಯದರಲ್ಲಿರುವ ಒಂದು ಭಾಗ ಇದರಲ್ಲಿ ಇಲ್ಲ. ಕಾಲರ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲರ ಮಗ್ಗಿ, ವೀಸದ ಮಗ್ಗಿ ಎಲ್ಲವೂ ಮಾಯವಾಗಿವೆ.

ವೀಸ ಎಂದರೆ ಹದಿನಾರರಲ್ಲಿ ಒಂದು ಪಾಲು. ಇದೆಲ್ಲ ಆಗಿನವರಿಗೆ ಏಕೆ ಬೇಕಿತ್ತು ಎಂದರೆ, ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ ಅಥವಾ ಹನ್ನೆರಡು ಪೈ. ಅಳತೆಯಲ್ಲಿ ಸೇರು, ಅರ್ಧ ಸೇರು, ಪಾವು, ಚಟಾಕು. ಎಲ್ಲವೂ ಅರ್ಧದ ಅರ್ಧ, ಅದರ ಅರ್ಧ. ಸಂತೆಯಲ್ಲಿ ನಿಂತವನಿಗೆ ಹದಿನಾರರ ಮಗ್ಗಿ ಬಾರದಿದ್ದರೆ ಗಂಟಿನ ಹಣ ಗಂಟಿನಲ್ಲಿ ಉಳಿಯುತ್ತಿರಲಿಲ್ಲ. ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸೇರಿಗೆ ಆರಾಣೆಯಂತೆ ಎರಡೂವರೆ ಸೇರು ಹುರುಳಿಗೆ ಹದಿನೈದಾಣೆ ಎಂದು ಹೇಳಲು ಆಕೆ ಬೆರಳು ಮಡಿಸಬೇಕಿರಲಿಲ್ಲ. 1957ರ ಏಪ್ರಿಲ್ 1ರಂದು ನೂರು ನಯಾಪೈಸೆಯ ರೂಪಾಯಿ ಬಂತು. ಆಮೇಲೆ ಕಿಲೋ, ಲೀಟರುಗಳೂ ಬಂದವು. ಪುಸ್ತಕ ಅಚ್ಚು ಹಾಕುವವರು ಇನ್ನು ಕಾಲು, ಮುಕ್ಕಾಲು ಯಾರಿಗೆ ಬೇಕು ಎಂದು ಆ ಪುಟಗಳನ್ನು ಕಿತ್ತರು. ವೀಸ ಹೋದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಇವತ್ತಿಗೂ ನಾವು ಕಾಲು ಕಿಲೋ ಹುರುಳಿಕಾಯಿ, ಮುಕ್ಕಾಲು ಮೀಟರ್ ಬಟ್ಟೆ, ಒಂದೂವರೆ ಲೀಟರ್ ಹಾಲು ಎನ್ನುತ್ತೇವಲ್ಲ! ಬದುಕಿನಲ್ಲಿ ಉಳಿದದ್ದು ಪುಸ್ತಕದಿಂದ ಹೋಯಿತು. ಇದು ನನ್ನ ಮೊದಲ ಆಕ್ಷೇಪ.

ದೋಷವನ್ನೇ ಹೇಳುತ್ತ ಹೋಗುವುದು ನ್ಯಾಯವಲ್ಲ. ಈ ಪುಸ್ತಕಕ್ಕೆ ದೊಡ್ಡ ಗುಣವೊಂದಿದೆ, ಅದು ಕಿವಿಗೆ ಬರೆದ ಪುಸ್ತಕ. 'ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು' ಎಂದು ನಲವತ್ತು ಮಕ್ಕಳು ಒಟ್ಟಿಗೆ ಹೇಳುವಾಗ ಹಿಂದಿನ ಬೆಂಚಿನ ತೂಕಡಿಸುವ ಹುಡುಗನೂ ಆ ಓಘದಲ್ಲಿ ಸೇರಿಹೋಗುತ್ತಾನೆ. ನನಗೆ ಈಗಲೂ 'ಏಳೆಂಟ್ಲ' ಎಂದರೆ ಸಾಕು, ಐವತ್ತಾರು ತಾನಾಗಿ ಬಾಯಿಗೆ ಬರುತ್ತದೆ. ನಿಮಗೂ ಹಾಗೆಯೇ ಅಲ್ಲವೇ? ಊರಿನ ದೇವಸ್ಥಾನದ ಗಂಟೆಯ ಹಾಗೆ ಅದು ನಮ್ಮೊಳಗೇ ಎಲ್ಲೋ ಉಳಿದುಬಿಟ್ಟಿದೆ.

ಇನ್ನೊಂದು ಗುಣವನ್ನು ನನಗೆ ತೋರಿಸಿಕೊಟ್ಟವಳು ಬಿಹಾರದಿಂದ ಬಂದ ಒಬ್ಬ ಹುಡುಗಿ. ಪೀಣ್ಯ ಎಂದರೆ ನಿಮಗೆ ಗೊತ್ತೇ ಇದೆ. ಎಪ್ಪತ್ತರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶ, ಸಂದುಗೊಂದಿನಲ್ಲೆಲ್ಲ ಲೇತ್ ಮಿಷನ್ನು, ಪ್ರೆಸ್ಸು, ಪ್ಲೇಟಿಂಗ್ ಶೆಡ್ಡು, ಗಾರ್ಮೆಂಟ್ಸ್. ನಮ್ಮ ತರಗತಿಯಲ್ಲಿ ರಾಯಚೂರಿನ ಮಗುವಿನ ಪಕ್ಕ ಒಡಿಶಾದ ಮಗು, ಅದರ ಪಕ್ಕ ಕೃಷ್ಣಗಿರಿಯದು. ಮಾತು ಕನ್ನಡದಲ್ಲಿ ಆಡಿದರೂ ಲೆಕ್ಕ ಬಂದಾಗ ತುಟಿಯೊಳಗೆ ಮನೆಯ ಭಾಷೆಯೇ ಬರುತ್ತದೆ. ಆದರೆ ಈ ಹುಡುಗಿ ಆರು ತಿಂಗಳಿಗೇ ಕನ್ನಡದಲ್ಲಿ ಎಣಿಸತೊಡಗಿದಳು. ಏಕೆ ಎಂದು ಕೇಳಿದೆ. "ಇದು ಸುಲಭ ಮಿಸ್, ಹೇಳಿದ ಹಾಗೇ ಇರುತ್ತೆ" ಎಂದಳು. ಆಗಲೇ ನಾನು ಗಮನಿಸಿದ್ದು. ಹಿಂದಿಯಲ್ಲಿ 59ಕ್ಕೆ 'ಉನ್‌ಸಠ್', 89ಕ್ಕೆ 'ನವಾಸಿ'. ಒಂದೊಂದನ್ನೂ ಬೇರೆಯಾಗಿಯೇ ನೆನಪಿಡಬೇಕು. ನಮ್ಮ ಐವತ್ತೊಂಬತ್ತರಲ್ಲಿ ಐವತ್ತೂ ಇದೆ, ಒಂಬತ್ತೂ ಇದೆ. ಇಪ್ಪತ್ತು ದಾಟಿತೆಂದರೆ ಕನ್ನಡದ ಸಂಖ್ಯೆ ತನ್ನನ್ನು ತಾನೇ ಬಿಡಿಸಿ ತೋರಿಸುತ್ತದೆ. ಬಾಯಿಲೆಕ್ಕ ಎಂದರೆ ಸಂಖ್ಯೆಯನ್ನು ಬಿಡಿಸುವುದು, ಮತ್ತೆ ಜೋಡಿಸುವುದು ತಾನೇ? ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ತಾಯಂದಿರು ಮನೆಯಲ್ಲಾದರೂ ಕನ್ನಡದ ಮಗ್ಗಿ ಕಲಿಸಿದರೆ ನಷ್ಟವೇನೂ ಇಲ್ಲ.

ಇನ್ನು ದೊಡ್ಡ ದೋಷಕ್ಕೆ ಬರುತ್ತೇನೆ. ಅದನ್ನು ಹೇಳಬೇಕಾದರೆ ನನ್ನ ತಪ್ಪನ್ನೂ ಹೇಳಬೇಕು.

2006ರ ಸುಮಾರಿಗೆ ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಏಳರ ಮಗ್ಗಿ ಅವನಿಗೆ ಬರುತ್ತಿರಲಿಲ್ಲ. ಏಳ್ನಾಲ್ಕರವರೆಗೆ ಬಂದು ನಿಂತುಬಿಡುತ್ತಿದ್ದ. ಒಂದು ದಿನ ನಾನು ಎಲ್ಲರ ಮುಂದೆ, "ಏಳರ ಮಗ್ಗಿ ಬಾರದವನು ಏಳನೇ ಕ್ಲಾಸಿಗೆ ಹೇಗೆ ಹೋಗ್ತೀಯೋ?" ಎಂದು ಹಂಗಿಸಿ ಬಾಗಿಲ ಹೊರಗೆ ನಿಲ್ಲಿಸಿದೆ. ಮಕ್ಕಳೆಲ್ಲ ನಕ್ಕರು. ಅವರು ನಕ್ಕದ್ದು ನನಗೆ ಆಗ ತಪ್ಪೆನಿಸಲಿಲ್ಲ. ಇಂಥ ಹಂಗಿಸುವಿಕೆಯನ್ನು ಮಾನಸಿಕ ಹಿಂಸೆಯೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿತು. ಆದರೆ ಅಷ್ಟು ತಿಳಿಯಲು ಕಾಯ್ದೆಯೇ ಬರಬೇಕಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ.

ಅದೇ ಸಂಜೆ ಜಾಲಹಳ್ಳಿ ಕ್ರಾಸಿನ ಹತ್ತಿರ ಬಸ್ಸಿಗೆ ಕಾಯುತ್ತ ತಳ್ಳುಗಾಡಿಯಲ್ಲಿ ತರಕಾರಿ ಕೊಳ್ಳಲು ನಿಂತೆ. ಗಾಡಿಯ ಹಿಂದೆ ಅವನು ಮತ್ತು ಅವನ ತಾಯಿ. ನನ್ನನ್ನು ನೋಡಿ ಅವನ ಮುಖ ಬಾಡಿತು. ನಾನು ಟೊಮೇಟೊ ಒಂದೂವರೆ ಕಿಲೋ, ಬೀನ್ಸ್ ಮುಕ್ಕಾಲು ಕಿಲೋ, ಎರಡು ಕಟ್ಟು ಕೊತ್ತಂಬರಿ ತೆಗೆದುಕೊಂಡೆ. ಟೊಮೇಟೊ ಕಿಲೋಗೆ 14, ಬೀನ್ಸ್ 28, ಕೊತ್ತಂಬರಿ ಕಟ್ಟಿಗೆ 3. ನಾನು ಮನಸ್ಸಿನಲ್ಲೇ ಗುಣಿಸುತ್ತಿರುವಾಗಲೇ ಅವನು "ನಲವತ್ತೆಂಟು ಮಿಸ್" ಎಂದ. ನೂರರ ನೋಟು ಕೊಟ್ಟರೆ ತಡವಿಲ್ಲದೆ ಐವತ್ತೆರಡು ರೂಪಾಯಿ ನನ್ನ ಕೈಗೆ ಬಂತು. "ಬೀನ್ಸ್‌ಗೆ ಎಷ್ಟು ಹಾಕಿದೆ?" ಎಂದೆ. "ಇಪ್ಪತ್ತೊಂದು." "ಹೇಗೆ?" "ಅರ್ಧಕ್ಕೆ ಹದಿನಾಲ್ಕು, ಕಾಲಿಗೆ ಏಳು, ಮಿಸ್."

ಏಳರ ಮಗ್ಗಿ ಬಾರದವನೆಂದು ನಾನು ಹೊರಗೆ ನಿಲ್ಲಿಸಿದ ಹುಡುಗನ ಬಾಯಲ್ಲಿ ಏಳು, ಹದಿನಾಲ್ಕು, ಇಪ್ಪತ್ತೊಂದು ಎಲ್ಲವೂ ಇದ್ದವು. ಪುಸ್ತಕದಿಂದ ಕಿತ್ತುಹಾಕಿದ ಕಾಲು, ಅರೆ, ಮುಕ್ಕಾಲು ಅವನ ತಳ್ಳುಗಾಡಿಯಲ್ಲಿ ಬದುಕಿದ್ದವು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಅವನನ್ನು ಕರೆದು ಎಲ್ಲರ ಮುಂದೆ ಲೆಕ್ಕ ಹೇಳಿಸಬೇಕೆಂದುಕೊಂಡೆ. ಅವನು ಬರಲಿಲ್ಲ. ಒಂದು ವಾರ ಬಿಟ್ಟು ಬಂದ. ಆಗ ನಾನು ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತೆ. ಆ ಬೇಸಗೆಯಲ್ಲಿ ಅವರ ಮನೆಯವರು ಬಾಡಿಗೆ ಬಿಟ್ಟು ಬೇರೆಲ್ಲಿಗೋ ಹೋದರು. ಏಳನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ.

ಇದು ನನ್ನೊಬ್ಬಳ ಕಣ್ಣಿಗೆ ಬಿದ್ದ ವಿಚಿತ್ರವೇನಲ್ಲ ಎಂದು ಆಮೇಲೆ ತಿಳಿಯಿತು. ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನ ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿ ತೆಂಗಿನಕಾಯಿ ಮಾರುವ ಒಬ್ಬ ಹುಡುಗ ಬರುತ್ತಾನೆ. ಕಾಯಿಗೆ 35ರಂತೆ ಹತ್ತು ಕಾಯಿಗೆ ಎಷ್ಟು ಎಂದು ಕೇಳಿದರೆ, ಸೊನ್ನೆ ಹಚ್ಚಿ 350 ಎನ್ನುವ ಶಾಲೆಯ ದಾರಿ ಅವನಿಗೆ ಹೊಳೆಯುವುದಿಲ್ಲ. ಮೂರು ಕಾಯಿಗೆ 105, ಇನ್ನು ಮೂರಕ್ಕೆ 210, ಮತ್ತೆ ಮೂರಕ್ಕೆ 315, ಉಳಿದ ಒಂದಕ್ಕೆ 35 ಎಂದು ಕೂಡಿ 350ಕ್ಕೆ ಬಂದು ನಿಲ್ಲುತ್ತಾನೆ. ಅಂಥ ಮಕ್ಕಳಿಗೇ ಕಾಗದದ ಮೇಲೆ ಬರಿಯ ಅಂಕಿ ಬರೆದುಕೊಟ್ಟರೆ ತಪ್ಪುಗಳು ಹೆಚ್ಚುತ್ತಿದ್ದವು. ನಮ್ಮ ದೇಶದಲ್ಲೂ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಕಂಡು, 2025ರ ಫೆಬ್ರುವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುವ ಮಕ್ಕಳು ಶಾಲೆಯ ಮಾದರಿಯ ಲೆಕ್ಕಕ್ಕೆ ತಡವರಿಸಿದರು. ಶಾಲೆಗೆ ಹೋಗುವ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರು, ಆದರೆ ಅಂಗಡಿಯ ಲೆಕ್ಕಕ್ಕೆ ಸೋತರು.

ಈ ಎರಡನೆಯ ಮಾತನ್ನು ಅಮ್ಮಂದಿರಾದ ನಾವು ಗಮನಿಸಬೇಕು. ಬೀದಿಯ ಮಗುವಿಗೆ ಶಾಲೆಯ ಲೆಕ್ಕ ಬಾರದ್ದಕ್ಕೆ ಅಯ್ಯೋ ಎನ್ನುವುದು ಸುಲಭ. ನೂರಕ್ಕೆ ತೊಂಬತ್ತೈದು ತಂದ ನಮ್ಮ ಮಗು ಅಂಗಡಿಯಿಂದ ಎಷ್ಟು ಚಿಲ್ಲರೆ ತರಬೇಕೆಂದು ತಿಳಿಯದೆ ನಿಂತರೆ ಅದಕ್ಕೇನೆನ್ನಬೇಕು? ಎರಡು ಕಡೆಯ ಮಕ್ಕಳಿಗೂ ನಡುವೆ ಸೇತುವೆಯಿಲ್ಲ. ಆ ಸೇತುವೆ ಕಟ್ಟಬೇಕಾದ್ದು ಪುಸ್ತಕ, ಅದು ಆಗದಿದ್ದರೆ ನಮ್ಮಂಥ ಟೀಚರು.

ಮಗ್ಗಿ ಪುಸ್ತಕದ ದೊಡ್ಡ ದೋಷ ಇದೇ. ಅದು ಉತ್ತರಗಳ ಪುಸ್ತಕ, ಪ್ರಶ್ನೆಯಿಲ್ಲದ ಪುಸ್ತಕ. ಏಳೆಂಟ್ಲ ಐವತ್ತಾರು ಎಂದು ಒಂದು ಪುಟದಲ್ಲೂ ಎಂಟೇಳ್ಲ ಐವತ್ತಾರು ಎಂದು ಮುಂದಿನ ಪುಟದಲ್ಲೂ ಹೇಳುತ್ತದೆ. ಎರಡೂ ಒಂದೇ ಕಣಮ್ಮ ಎಂದು ಎಲ್ಲಿಯೂ ಹೇಳುವುದಿಲ್ಲ. ಯಾವ ಮಗ್ಗಿಯನ್ನಾದರೂ ಒಂದರಿಂದಲೇ ಹತ್ತಬೇಕು, ಹಾಗಾಗಿ ನಡುವೆ ಒಂದು ಮೆಟ್ಟಿಲು ಮರೆತ ಮಗು ಅಲ್ಲೇ ಬೀಳುತ್ತದೆ. ನನ್ನ ಹುಡುಗ ಏಳ್ನಾಲ್ಕರಲ್ಲಿ ಬಿದ್ದದ್ದೂ ಹೀಗೆಯೇ. ಹದಿನಾಲ್ಕರ ದುಪ್ಪಟ್ಟು ಇಪ್ಪತ್ತೆಂಟು ಎಂಬುದು ಅವನಿಗೆ ಬೀನ್ಸಿನ ಬೆಲೆಯಾಗಿ ಗೊತ್ತಿತ್ತು. ಅದೇ ಏಳ್ನಾಲ್ಕು ಎಂದು ಹೇಳಿಕೊಡುವವರು ಬೇಕಿತ್ತು, ಅಷ್ಟೆ.

ಇದಕ್ಕೆ ಪರಿಹಾರವೆಂದು ಈಗ ಹೊಸ ಅಂಗಡಿಗಳು ತೆರೆದಿವೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಅಕ್ಕನ ಮಗಳು ಮತ್ತು ಅವಳ ಗಂಡ, ಇಬ್ಬರೂ ಸಾಫ್ಟ್‌ವೇರಿನವರು. ಅವರ ಎಂಟು ವರ್ಷದ ಮಗ ಅಬ್ಯಾಕಸ್ ತರಗತಿಗೆ ಹೋಗುತ್ತಾನೆ. ಹೋದ ಸಲ ಹೋದಾಗ, "ಚಿಕ್ಕಮ್ಮ, ಇವನ ಲೆಕ್ಕ ನೋಡಿ" ಎಂದಳು. ಸಾಲಾಗಿ ಹತ್ತು ಸಂಖ್ಯೆ ಹೇಳಿದರೆ ಮಗು ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸಿ ಮೊತ್ತ ಹೇಳುತ್ತದೆ! ನಿಜಕ್ಕೂ ಬೆರಗಾಯಿತು. ಆಮೇಲೆ ನಾನು, "ಪುಟ್ಟಾ, ಹದಿನೆಂಟು ರೂಪಾಯಿಯ ಮೂರು ಬಿಸ್ಕತ್ ಪೊಟ್ಟಣ ತರೋಕೆ ಐವತ್ತು ರೂಪಾಯಿ ಸಾಕಾ?" ಎಂದೆ. "ಕೂಡೋದಾ, ಗುಣಿಸೋದಾ ಅಜ್ಜಿ?" ಎಂದು ನನ್ನ ಮುಖ ನೋಡಿದ. ಮಗುವಿನ ತಪ್ಪೇನಿಲ್ಲ. ಯಾವ ಲೆಕ್ಕ ಮಾಡಬೇಕೆಂದು ಯಾವಾಗಲೂ ಬೇರೆಯವರೇ ಅವನಿಗೆ ಹೇಳಿದ್ದಾರೆ.

ಅಬ್ಯಾಕಸ್ ಸುಳ್ಳು ಎಂದು ನಾನು ಹೇಳುವುದಿಲ್ಲ. ಗುಜರಾತಿನ ವಡೋದರಾದಲ್ಲಿ ಶಾಲಾ ಮಕ್ಕಳನ್ನು ಮೂರು ವರ್ಷ ಪರೀಕ್ಷಿಸಿ ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಅಬ್ಯಾಕಸ್ ಕಲಿತ ಮಕ್ಕಳು ಅಂಕಗಣಿತದಲ್ಲಿ ಸ್ವಲ್ಪ ಮುಂದೆ ಹೋದದ್ದು ನಿಜ. ಆದರೆ ಜ್ಞಾಪಕಶಕ್ತಿ, ಏಕಾಗ್ರತೆ ಮುಂತಾದ ಬುದ್ಧಿಯ ಮೂಲ ಸಾಮರ್ಥ್ಯ ಬೆಳೆದದ್ದು ಕಾಣಲಿಲ್ಲ. ಅಂದರೆ 'ನಿಮ್ಮ ಮಗುವಿನ ಮೆದುಳು ಅರಳುತ್ತದೆ' ಎಂಬ ಕರಪತ್ರದ ಮಾತಿಗೆ ಕೊಡುವ ದುಡ್ಡು ಬೇರೆ, ಕೂಡುವುದನ್ನು ಕಲಿಸಲು ಕೊಡುವ ದುಡ್ಡು ಬೇರೆ. ಎರಡನೆಯದಕ್ಕೆ ಅಷ್ಟೊಂದು ಫೀಜು ಬೇಕೇ ಎಂದು ಅಮ್ಮಂದಿರು ಯೋಚಿಸಬಹುದು.

ಇಂಥ ತರಗತಿಗಳ ಗೋಡೆಯ ಮೇಲೆ ನಮ್ಮ ಶಕುಂತಲಾ ದೇವಿಯವರ ಚಿತ್ರ ತೂಗುವುದುಂಟು. 1929ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ 2013ರಲ್ಲಿ ಇಲ್ಲೇ ತೀರಿಕೊಂಡ ಹೆಣ್ಣುಮಗಳು. ತಂದೆ ಸರ್ಕಸ್ಸಿನವರು, ಮಗಳಿಗೆ ಕ್ರಮವಾದ ಶಾಲೆಯ ಓದಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. ನಾವು ಹೆಮ್ಮೆಪಡಬೇಕಾದ್ದೇ. ಆದರೆ ಎಲ್ಲರಿಗೂ ನೆನಪಿರುವುದು ಆ 28 ಸೆಕೆಂಡು. ಸಂಖ್ಯೆಗಳ ಜೊತೆ ಆಟವಾಡುವ ಸಂತೋಷದ ಬಗ್ಗೆ ಅವರು 1977ರಲ್ಲಿ ಒಂದು ಪುಸ್ತಕವನ್ನೇ ಬರೆದರು ಎಂಬುದು ನೆನಪಿಲ್ಲ. ವೇಗ ಅವರಿಗೆ ಆ ಸಂತೋಷದಿಂದ ಬಂತು. ನಾವು ಸಂತೋಷವನ್ನು ಬಿಟ್ಟು ಗಡಿಯಾರವನ್ನು ಮಾತ್ರ ಮಗುವಿನ ಮುಂದೆ ಇಡುತ್ತೇವೆ.

ಆ ಸಂತೋಷವೂ ನಮ್ಮ ನೆಲಕ್ಕೆ ಹೊಸದಲ್ಲ. ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಪಟ್ಟಿ ಕೊಡುವಾಗ ಅಡುಗೆಯ ಶಾಸ್ತ್ರವನ್ನೂ ಸೇರಿಸುತ್ತಾನೆ. ಗುಣಿಸಿದರೆ ಸರದ ಮಣಿಯಂತೆ ಜೋಡಣೆಯಾಗಿ ಬರುವ ಸಂಖ್ಯೆಗಳನ್ನು ಹಾರಗಳೆಂದು ಕರೆಯುತ್ತಾನೆ. 139ನ್ನು 109ರಿಂದ ಗುಣಿಸಿ ನೋಡಿ, 15151 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಕಾಲದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ವ್ಯವಹಾರ ಎಂಬ ಮಾತೇ ಅವನ ಪುಸ್ತಕದ ಹೆಸರಿನಲ್ಲಿದೆ. ನಮ್ಮ ಮಗ್ಗಿ ಪುಸ್ತಕಕ್ಕೆ ಇಂಥ ಹಿರಿಯರಿದ್ದಾರೆ, ಆದರೆ ಅವರ ವ್ಯವಹಾರವನ್ನೂ ವಿನೋದವನ್ನೂ ಅದು ತಂದುಕೊಂಡಿಲ್ಲ.

"ಇದೆಲ್ಲ ಏಕೆ, ಎಲ್ಲರ ಕೈಯಲ್ಲೂ ಫೋನಿದೆ, ಅದರಲ್ಲಿ ಕ್ಯಾಲ್ಕುಲೇಟರ್ ಇದೆ" ಎಂದು ನೀವು ಕೇಳಬಹುದು. ನಮ್ಮ ಶಾಲೆಯ ಹೊಸ ಟೀಚರುಗಳೂ ಕೇಳುತ್ತಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ ಎಂಬುದು ಒಂದು ಉತ್ತರ, ಆದರೆ ಅದು ಸಣ್ಣ ಉತ್ತರ. ದೊಡ್ಡ ಉತ್ತರವನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ಕೊಟ್ಟಳು.

2018ರಲ್ಲಿ ಏಳನೆಯ ತರಗತಿಯಲ್ಲಿದ್ದವಳು. ತಾಯಿ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಆ ತಿಂಗಳು ಆರ್ಡರ್ ಜಾಸ್ತಿ ಎಂದು ಹನ್ನೊಂದು ಗಂಟೆ ಓ.ಟಿ. ಮಾಡಿದ್ದಳು. ಸಂಬಳದ ಚೀಟಿ ಬಂತು. ಪಿ.ಎಫ್., ಇ.ಎಸ್.ಐ., ಅಡ್ವಾನ್ಸ್ ಎಂದು ಸಾಲು ಸಾಲು ಅಂಕಿ. ತಾಯಿ ಫೋನಿನಲ್ಲಿ ಒತ್ತಿ ನೋಡಿದಳು. ಎಲ್ಲವನ್ನೂ ಕೂಡಿ ಕಳೆದರೆ ಕೊನೆಯ ಮೊತ್ತ ಚೀಟಿಯಲ್ಲಿದ್ದಷ್ಟೇ ಬಂತು. ಸರಿಯಾಗಿದೆ ಎಂದು ಮಡಿಸಿಡುವಾಗ ಮಗಳು ಇಣುಕಿ ನೋಡಿ, "ಅಮ್ಮ, ಗಂಟೆಗೆ ನಲವತ್ತೊಂದಲ್ವಾ? ಹತ್ತು ಗಂಟೆಗೇ ನಾನೂರ ಹತ್ತು ಆಯ್ತು. ಓ.ಟಿ.ಗೆ ಡಬಲ್ ಅಂದಿದ್ದೆ. ಎಂಟುನೂರರ ಮೇಲೆ ಇರಬೇಕಲ್ಲ. ಇಲ್ಲಿ ನಾನೂರ ಐವತ್ತೊಂದು ಅಂತಿದೆ" ಎಂದಳಂತೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಂತೆ ಹೆಚ್ಚುವರಿ ಗಂಟೆಗೆ ಎರಡರಷ್ಟು ಕೂಲಿ ಕೊಡಬೇಕಿತ್ತು. ಬರಬೇಕಾದ್ದು 902, ಬರೆದದ್ದು 451. ತಾಯಿ ತನ್ನ ಲೈನಿನ ಇತರ ಹೆಂಗಸರ ಚೀಟಿ ನೋಡಿದರೆ ಅವರದ್ದೂ ಹಾಗೆಯೇ ಇತ್ತು. ನಾಲ್ಕೈದು ಜನ ಸೇರಿ ಆಫೀಸಿಗೆ ಹೋಗಿ ಕೇಳಿದರು. ಬರೆಯುವಾಗ ತಪ್ಪಾಗಿದೆ ಎಂದು ಹೇಳಿ ಮುಂದಿನ ತಿಂಗಳ ಸಂಬಳದಲ್ಲಿ ಸೇರಿಸಿಕೊಟ್ಟರಂತೆ. ತಪ್ಪೋ, ಇನ್ನೇನೋ, ನನಗೆ ತಿಳಿಯದು. ನಾನೂರ ಐವತ್ತೊಂದು ರೂಪಾಯಿ ಎಂದರೆ ಆ ಮನೆಗೆ ಎಷ್ಟೆಂದು ಮಾತ್ರ ಗೊತ್ತು.

ಕ್ಯಾಲ್ಕುಲೇಟರ್ ಆ ದಿನ ಒಂದು ತಪ್ಪನ್ನೂ ಮಾಡಲಿಲ್ಲ ಎಂಬುದನ್ನು ಗಮನಿಸಿ. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಅದಕ್ಕೆ ಅನುಮಾನಪಡಲು ಬರುವುದಿಲ್ಲ, ಅಷ್ಟೆ. ಅನುಮಾನಪಡಲು ತಲೆಯೊಳಗೆ ಒಂದು ಅಂದಾಜು ಮೊದಲೇ ಇರಬೇಕು. ಪೀಣ್ಯದ ಲೇತ್ ಶೆಡ್ಡುಗಳಲ್ಲಿ ಹಳೆಯ ಟರ್ನರುಗಳು ಹೇಳುವುದೂ ಇದನ್ನೇ. ಈಗ ಮಿಷನ್ನಿಗೆ ಅಂಕಿ ಕೊಟ್ಟರೆ ಅದೇ ಕತ್ತರಿಸುತ್ತದೆ, ಆದರೆ 2.5 ಎಂದು ಒತ್ತುವ ಕಡೆ 25 ಒತ್ತಿದರೆ ಅದು ಕೇಳುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ 'ಇದೇನು ಇಷ್ಟು?' ಎನ್ನಿಸಬೇಕು. ಮಗ್ಗಿ ಬೇಕಾದ್ದು ಆ 'ಇದೇನು ಇಷ್ಟು' ಎನ್ನುವುದಕ್ಕೆ. ಕ್ಯಾಲ್ಕುಲೇಟರಿಗಿಂತ ಮುಂಚೆ ಉತ್ತರ ಹೇಳುವ ಪಂದ್ಯಕ್ಕಲ್ಲ.

ವಿಮರ್ಶೆ ಮಾಡಿದವರು ಪುಸ್ತಕ ಹೇಗಿರಬೇಕಿತ್ತು ಎಂದೂ ಹೇಳಬೇಕು. ನಾನಾದರೆ ಮಗ್ಗಿ ಪುಸ್ತಕದ ಮೊದಲಿಗೆ ಒಂದೇ ಒಂದು ಪುಟ ಸೇರಿಸುತ್ತೇನೆ. ಹತ್ತರವರೆಗಿನ ಮಗ್ಗಿಯಲ್ಲಿ ನೂರು ಉತ್ತರಗಳಿವೆ, ಮಗುವಿಗೆ ಅದೊಂದು ಬೆಟ್ಟ. ಏಳೆಂಟೂ ಎಂಟೇಳೂ ಒಂದೇ ಎಂದು ತಿಳಿದ ಕೂಡಲೇ ನೂರು ಐವತ್ತೈದಕ್ಕೆ ಇಳಿಯುತ್ತದೆ. ಒಂದರದು, ಹತ್ತರದು ಕಲಿಯಬೇಕಾದ್ದೇ ಇಲ್ಲ, ಅವನ್ನು ಬಿಟ್ಟರೆ ಮೂವತ್ತಾರು. ಎರಡರದು ದುಪ್ಪಟ್ಟು, ಐದರದು ಹತ್ತರ ಅರ್ಧ, ಅವೂ ಹೋದರೆ ಇಪ್ಪತ್ತೊಂದು. ಒಂಬತ್ತರದು ಹತ್ತರಲ್ಲಿ ಒಂದು ಸಲ ಕಡಿಮೆ, ಎಂಟೊಂಬತ್ತು ಎಂದರೆ ಎಂಬತ್ತರಲ್ಲಿ ಎಂಟು ಕಳೆದ ಎಪ್ಪತ್ತೆರಡು. ಅದೂ ಹೋದರೆ ಉಳಿಯುವುದು ಬರೀ ಹದಿನೈದು. ಮೂರು, ನಾಲ್ಕು, ಆರು, ಏಳು, ಎಂಟು, ಈ ಐದು ಅಂಕಿಗಳ ನಡುವಿನ ಹದಿನೈದು ಉತ್ತರ. ಮೂರುಮೂರು ಒಂಬತ್ತು, ನಾಲ್ಕುನಾಲ್ಕು ಹದಿನಾರು ಮುಂತಾದವು ಮಕ್ಕಳಿಗೆ ಬಂದೇ ಇರುತ್ತವೆ. ನಿಜವಾಗಿ ಕಷ್ಟವಾದವು ಐದಾರು ಮಾತ್ರ. ಬೆಟ್ಟ ಎಂದುಕೊಂಡದ್ದು ಮನೆಯ ಮುಂದಿನ ಜಗಲಿಯಷ್ಟೇ ಎಂದು ತಿಳಿದಾಗ ಮಕ್ಕಳ ಮುಖ ನೋಡಬೇಕು!

ಹಾಗೆಂದು ಸಾಮೂಹಿಕವಾಗಿ ಹೇಳಿಸುವುದನ್ನು ನಾನು ಬಿಟ್ಟಿಲ್ಲ. ಅರ್ಥವಾದರೆ ಸಾಕು, ಬಾಯಿಪಾಠ ಬೇಡ ಎನ್ನುವವರಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಿಂದ ಹಿಡಿದು, ಅಕ್ಷರ ಫೌಂಡೇಷನ್ನಿನ ಗಣಿತ ಕಲಿಕಾ ಆಂದೋಲನದ ಮಣಿ, ಬಿಲ್ಲೆಗಳವರೆಗೆ ಸರ್ಕಾರಿ ಶಾಲೆಗಳಿಗೆ ಒಳ್ಳೆಯ ವಸ್ತುಗಳು ಬಂದಿವೆ. ಕೈಯಲ್ಲಿ ಹಿಡಿದು ಕಲಿಯುವುದು ಬೇಕೇ ಬೇಕು. ಆದರೆ ಅರ್ಥವಾದದ್ದು ನಾಲಿಗೆಯ ಮೇಲೂ ಕೂರಬೇಕು, ಇಲ್ಲದಿದ್ದರೆ ಪ್ರತಿ ಸಲ ಒಲೆ ಹಚ್ಚುವುದರಿಂದಲೇ ಅಡುಗೆ ಶುರುಮಾಡಿದಂತೆ. ಅದಕ್ಕೆ ಮೊದಲು ಬಿಡಿಸಿ ತೋರಿಸುತ್ತೇನೆ, ಆಮೇಲೆ ಹಾಡಿಸುತ್ತೇನೆ. ದಿನವೂ ಹತ್ತು ನಿಮಿಷ ಬಾಯಿಲೆಕ್ಕ. ಮೊದಲು ಕೈಯೆತ್ತಿದವರಿಗೆ ಶಹಭಾಸ್ ಇಲ್ಲ. ಉತ್ತರ ಹೇಳಿದವರು ಹೇಗೆ ಬಂತೆಂದೂ ಹೇಳಬೇಕು. ಇಪ್ಪತ್ತೈದು ಹನ್ನೆರಡಕ್ಕೆ ಒಬ್ಬಳು ಹತ್ತು ಇಪ್ಪತ್ತೈದು, ಎರಡು ಇಪ್ಪತ್ತೈದು ಎನ್ನುತ್ತಾಳೆ. ಇನ್ನೊಬ್ಬ ನಾಲ್ಕು ಕಾಲು ಸೇರಿದರೆ ನೂರು, ಹಾಗೆ ಮೂರು ನೂರು ಎನ್ನುತ್ತಾನೆ. ಎರಡನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನು ತಂದೆಯವರ ಪುಸ್ತಕದಿಂದ ಮತ್ತೆ ತಂದಿದ್ದೇನೆ. ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ.

ಒಂದು ಚಿಂತೆ ಮಾತ್ರ ಉಳಿದಿದೆ. ತಳ್ಳುಗಾಡಿಗಳಲ್ಲೂ ಈಗ ಕ್ಯೂಆರ್ ಚೀಟಿ ಅಂಟಿಸಿರುತ್ತಾರೆ. ಫೋನು ಹಿಡಿದರೆ ಪೆಟ್ಟಿಗೆಯೇ ಮೊತ್ತವನ್ನು ಕೂಗಿ ಹೇಳುತ್ತದೆ. ಚಿಲ್ಲರೆ ಎಣಿಸುವ ಕೆಲಸವೇ ಹೋಯಿತು. ಅನುಕೂಲವೇನೋ ಹೌದು, ನಾನೂ ಹಾಗೆಯೇ ಕೊಡುತ್ತೇನೆ. ಆದರೆ ಶಾಲೆ ಕಲಿಸದ ಲೆಕ್ಕವನ್ನು ಅಂಗಡಿ ಕಲಿಸುತ್ತಿತ್ತು. ಇನ್ನು ಅದೂ ಕಲಿಸದಿದ್ದರೆ ಆ ಭಾರವೂ ಮನೆಗೇ ಬೀಳುತ್ತದೆ, ಅಂದರೆ ನಮಗೇ. ನಿಮ್ಮಲ್ಲಿ ಒಂದು ಕೋರಿಕೆ. ಮಗುವನ್ನು ಕರೆದುಕೊಂಡು ತರಕಾರಿಗೆ ಹೋದಾಗ ಫೋನು ತೆಗೆಯುವ ಮುಂಚೆ, "ಮುಕ್ಕಾಲು ಕಿಲೋಗೆ ಎಷ್ಟಾಗುತ್ತೆ, ನೋಡು" ಎಂದು ಕೇಳಿ. ಅದು ಯೋಚಿಸುವಷ್ಟು ಹೊತ್ತು ಕಾಯಿರಿ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ. ತಪ್ಪು ಹೇಳಿದರೆ ನಗಬೇಡಿ, ಹೇಗೆ ಬಂತೆಂದು ಕೇಳಿ.

ಹೊಸ ಮಗ್ಗಿ ಪುಸ್ತಕವನ್ನು ಕೊಳ್ಳಬಹುದೇ ಎಂದರೆ, ಕೊಳ್ಳಿ ಎಂದೇ ಹೇಳುತ್ತೇನೆ. ಹತ್ತು ರೂಪಾಯಿಗೆ ಅಷ್ಟು ಕಾಲ ಬಾಳುವ ಇನ್ನೊಂದು ಪುಸ್ತಕ ಸಿಗುವುದಿಲ್ಲ. ಅದರ ಕೊನೆಯ ಖಾಲಿ ಪುಟದಲ್ಲಿ ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನು ನಿಮ್ಮ ಕೈಯಿಂದ ಬರೆದುಕೊಡಿ. ಅಟ್ಟದ ಮೇಲೆ ತಂದೆಯದೋ ಅಜ್ಜನದೋ ಹಳೆಯ ಪುಸ್ತಕವಿದ್ದರೆ ರದ್ದಿಗೆ ಹಾಕಬೇಡಿ, ಅದರಿಂದ ನೋಡಿ ಬರೆದರಾಯಿತು. ನಾನು ನನ್ನ ತರಗತಿಯ ಪುಸ್ತಕಕ್ಕೆ ಹಾಗೆ ಬರೆದಿದ್ದೇನೆ. ಇಪ್ಪತ್ತೆಂಟರ ಮುಕ್ಕಾಲು ಇಪ್ಪತ್ತೊಂದು ಎಂಬ ಸಾಲು ಅದರಲ್ಲಿ ಮೊದಲನೆಯದು.